ಗೇಮ್ ಕನ್ಸೋಲ್ ರೇಟ್ ಇಳಿದಾಗ ಕೊಳ್ಳುವುದು ಹೇಗೆ?

ದಸರಾ ಹತ್ತಿರ ಬಂದರೆ ತುಮಕೂರಿನ ಎಂ.ಜಿ. ರಸ್ತೆ, ಬಿ.ಎಚ್. ರಸ್ತೆಯ ಅಂಗಡಿಗಳಲ್ಲಿ ಒಂದು ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ: ‘ಪ್ಲೇಸ್ಟೇಷನ್ ರೇಟ್ ಇಳಿದಿದೆಯಂತೆ’. ಪ್ಲೇಸ್ಟೇಷನ್ ಅಂದರೆ ಸೋನಿ ಕಂಪನಿಯ ಗೇಮ್ ಕನ್ಸೋಲ್, ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ. ಆಫರ್ ಮುಗಿದುಹೋದೀತು ಅನ್ನುವ ಗಡಿಬಿಡಿಯಲ್ಲಿ ಅಪ್ಪ-ಮಗ ಬರುತ್ತಾರೆ, ಯಾವ ಮಾಡೆಲ್ ಅಂತಲೂ ನೋಡದೆ ಡಬ್ಬ ಎತ್ತಿಕೊಂಡು ಹೋಗುತ್ತಾರೆ. ಆರು ತಿಂಗಳಾದ ಮೇಲೆ ಅದೇ ಡಬ್ಬ ಹಳೇ ಸಾಮಾನು ಮಾರುವ ಆ್ಯಪ್‌ನಲ್ಲಿ ಕಾಣಿಸುತ್ತದೆ. ಇದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಅರ್ಧ ಲಕ್ಷದ ವಸ್ತು ಅದು. ಅರ್ಧ ದಿನ ಕೂತು ಯೋಚಿಸಿದರೆ ನಷ್ಟವೇನೂ ಇಲ್ಲ.

1. ಯಾರು ಆಡುತ್ತಾರೆ, ಏನು ಆಡುತ್ತಾರೆ?

ಆಡುವ ಮಕ್ಕಳನ್ನೇ ಕೇಳಿ. ಅವರಿಗೆ ಬೇಕಾದ ಮೂರು ಗೇಮ್‌ಗಳ ಹೆಸರು ಬರೆದುಕೊಳ್ಳಿ, ಅವು ಯಾವ ಕನ್ಸೋಲ್‌ನಲ್ಲಿ ಓಡುತ್ತವೆ ನೋಡಿ. ಇಷ್ಟೇ.

2. ಬೆಲೆ ಯಾಕೆ ಇಳಿಯಿತು ಅಂತ ಪತ್ತೆ ಮಾಡಿ

ಎಲ್ಲರೂ ಎಡವುವುದು ಇಲ್ಲೇ. ಕಂಪನಿ ಸುಮ್ನೆ ಬೆಲೆ ಇಳಿಸುವುದಿಲ್ಲ. ಕಾರಣ ಗೊತ್ತಾದರೆ ಈಗಲೇ ಕೊಳ್ಳಬೇಕೋ, ಕಾಯಬೇಕೋ, ಆ ಕಡೆ ತಲೆಯೇ ಹಾಕಬಾರದೋ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲ ಕಾರಣ ಎದುರಾಳಿ. 2002ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 2 ಬೆಲೆಯನ್ನು 299 ಡಾಲರ್‌ನಿಂದ 199ಕ್ಕೆ ಇಳಿಸಿತು. ಮರುದಿನವೇ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಬೆಲೆಯನ್ನೂ 199ಕ್ಕೆ ತಂದಿತು. ಒಂದು ವಾರ ಕಳೆಯುವಷ್ಟರಲ್ಲಿ ನಿಂಟೆಂಡೊ ತನ್ನ ಗೇಮ್‌ಕ್ಯೂಬನ್ನು 199ರಿಂದ 149ಕ್ಕೆ ಇಳಿಸಿತು. 2013ರಲ್ಲೂ ಇದೇ ಜಗ್ಗಾಟ. ಎಕ್ಸ್‌ಬಾಕ್ಸ್ ಒನ್ ಜೊತೆ ಕೈನೆಕ್ಟ್ ಕ್ಯಾಮೆರಾವನ್ನು ಕಡ್ಡಾಯವಾಗಿ ಸೇರಿಸಿ 499 ಡಾಲರ್ ಅಂತ ಮೈಕ್ರೋಸಾಫ್ಟ್ ಹೇಳಿತು, ಸೋನಿ ಪ್ಲೇಸ್ಟೇಷನ್ 4 (ಪಿಎಸ್4) ಅನ್ನು 399ಕ್ಕೆ ಇಟ್ಟಿತು. ಜನ ಸೋನಿ ಕಡೆ ಹೋದರು. 2014ರ ಜೂನ್ ಹೊತ್ತಿಗೆ ಮೈಕ್ರೋಸಾಫ್ಟ್ ಕ್ಯಾಮೆರಾ ತೆಗೆದು 399ಕ್ಕೇ ಮಾರಬೇಕಾಯಿತು. ಹಾಗಾಗಿ ಒಂದು ಕಂಪನಿ ಇಳಿಸಿದರೆ ಎರಡು ವಾರ ಸುಮ್ಮನಿರಿ, ಇನ್ನೊಬ್ಬರು ಏನು ಮಾಡುತ್ತಾರೆ ನೋಡಿ.

ಎರಡನೆಯದು, ಹೊಸ ಮಾಡೆಲ್ ಬರುವ ಮುಂಚೆ ಹಳೇ ಸ್ಟಾಕ್ ಖಾಲಿ ಮಾಡುವುದು. ಗಿರಾಕಿಗೆ ಇದರಷ್ಟು ಒಳ್ಳೆಯ ಕಡಿತ ಬೇರೆ ಇಲ್ಲ. ಹಳೇ ದಪ್ಪ ಪಿಎಸ್5, ಹೊಸ ಸ್ಲಿಮ್ ಎರಡರಲ್ಲೂ ಓಡುವುದು ಅದೇ ಗೇಮ್, ಅದೇ ವೇಗದಲ್ಲಿ. ಡಬ್ಬ ಸಣ್ಣದಾಯಿತು ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಮೂರನೆಯದು ಅಪಾಯದ್ದು: ಕನ್ಸೋಲ್ ಮಾರಾಟವೇ ಆಗುತ್ತಿಲ್ಲ, ಅದಕ್ಕೇ ಇಳಿಸಿದ್ದಾರೆ. ಸೆಗಾ ಕಂಪನಿ ಡ್ರೀಮ್‌ಕಾಸ್ಟನ್ನು 1999ರಲ್ಲಿ ಅಮೆರಿಕದಲ್ಲಿ 199 ಡಾಲರ್‌ಗೆ ತಂದಿತು. ಮರುವರ್ಷ 149ಕ್ಕೆ ಇಳಿಸಿತು. 2001ರ ಆರಂಭದಲ್ಲಿ ಅದು 99ಕ್ಕೆ ಬಂದಾಗ, ಇನ್ನು ಮುಂದೆ ಈ ಕನ್ಸೋಲ್ ತಯಾರಿಸುವುದಿಲ್ಲ ಅಂತ ಸೆಗಾ ಹೇಳಿಯಾಗಿತ್ತು. ಹಾಗಂತ ಇಂಥ ಕಡಿತವೆಲ್ಲ ಸಾವಿನ ಸೂಚನೆ ಅಂತಲ್ಲ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್ 2011ರ ಮಾರ್ಚ್‌ನಲ್ಲಿ 249.99 ಡಾಲರ್‌ಗೆ ಬಂತು, ಓಡಲಿಲ್ಲ. ಐದು ತಿಂಗಳು ತುಂಬುವ ಮೊದಲೇ ಬೆಲೆಯನ್ನು 169.99ಕ್ಕೆ ಇಳಿಸಿದರು, ಹಳೇ ಬೆಲೆಗೆ ಕೊಂಡವರಿಗೆ 20 ಹಳೆಯ ಗೇಮ್‌ಗಳನ್ನು ಪುಕ್ಕಟೆ ಕೊಟ್ಟರು. ಕೊನೆಗೆ ಅದು ಒಟ್ಟು 7.5 ಕೋಟಿಗೂ ಹೆಚ್ಚು ಮಾರಾಟವಾಯಿತು. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ಮುಂದಿನ ಒಂದು ವರ್ಷದಲ್ಲಿ ಆ ಕನ್ಸೋಲ್‌ಗೆ ಬರುವ ಗೇಮ್‌ಗಳ ಪಟ್ಟಿ ತೆಗೆಯಿರಿ. ಹೊರಗಿನ ದೊಡ್ಡ ಗೇಮ್ ಕಂಪನಿಗಳು ಅದಕ್ಕಾಗಿ ಗೇಮ್ ಮಾಡುತ್ತಿದ್ದರೆ ಜೀವ ಇದೆ. ಪಟ್ಟಿ ಬರಿದಾಗಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ನಾಲ್ಕನೆಯದು ಹಬ್ಬದ ಆಫರ್. ನಮ್ಮಲ್ಲಿ ಜಾಸ್ತಿ ಇದೇ. ಕಂಪನಿಯೇ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಘೋಷಿಸುತ್ತದೆ, ಗಡುವು ಮುಗಿದರೆ ಹಳೇ ಬೆಲೆಗೇ ವಾಪಸ್. ಕಂಪನಿಯ ಆಫರ್ ಆದರೆ ಆನ್‌ಲೈನ್‌ನಲ್ಲೂ ಅಧಿಕೃತ ಡೀಲರ್ ಅಂಗಡಿಯಲ್ಲೂ ಹೆಚ್ಚುಕಮ್ಮಿ ಒಂದೇ ರೇಟ್ ಇರುತ್ತದೆ. ಒಂದೇ ಒಂದು ಅಂಗಡಿಯಲ್ಲಿ ಮಾತ್ರ ಹತ್ತು ಸಾವಿರ ಕಮ್ಮಿ ಇದೆ ಅಂದರೆ ಅನುಮಾನ ಬರಬೇಕು: ಡಬ್ಬ ದುಬೈನಿಂದ ಬಂದದ್ದೋ, ಯಾರೋ ಬಳಸಿ ವಾಪಸ್ ಕೊಟ್ಟದ್ದೋ?

ಜಿಎಸ್‌ಟಿ ಬಗ್ಗೆಯೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ತೆರಿಗೆ 28ರಿಂದ 18 ಪರ್ಸೆಂಟ್‌ಗೆ ಇಳಿಯಿತು. ಕನ್ಸೋಲ್ ತೆರಿಗೆ 2019ರ ಜನವರಿಯಲ್ಲೇ 18ಕ್ಕೆ ಇಳಿದಿತ್ತು. ‘ಜಿಎಸ್‌ಟಿ ಇಳಿದದ್ದಕ್ಕೆ ಕನ್ಸೋಲ್ ಅಗ್ಗ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

3. ‘ಕಾದರೆ ಇಳಿಯುತ್ತೆ’ ಅನ್ನುವ ಹಳೇ ಸಲಹೆ ಬಿಡಿ

ಪಿಎಸ್3 2006ರಲ್ಲಿ ಬಂದಾಗ ದೊಡ್ಡ ಮಾಡೆಲ್‌ಗೆ 599 ಡಾಲರ್. ಮೂರು ವರ್ಷದಲ್ಲಿ ಅದರ ಸ್ಲಿಮ್ 299ಕ್ಕೆ ಸಿಗುತ್ತಿತ್ತು. ಆಗ ಚಿಪ್ ತಯಾರಿಕೆ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿತ್ತು, ಕಾದವರಿಗೆ ಲಾಭ ಇತ್ತು. ಈಗ ಹಾಗಿಲ್ಲ. ಭಾರತದಲ್ಲಿ ಪಿಎಸ್5 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಬಂತು, 2022ರ ಕೊನೆಗೆ 54,990 ಆಯಿತು. 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಬಂದಾಗಲೂ ಅದೇ 54,990. ಅಮೆರಿಕದಲ್ಲಂತೂ 2025ರ ಮೇ ತಿಂಗಳಲ್ಲಿ ಎಕ್ಸ್‌ಬಾಕ್ಸ್, ಆಗಸ್ಟ್‌ನಲ್ಲಿ ಪಿಎಸ್5 ದುಬಾರಿಯಾದವು. ಹಿಂದೆ ಇಳಿಸುವಾಗ ಒಬ್ಬರ ಹಿಂದೆ ಒಬ್ಬರು ಹೋಗುತ್ತಿದ್ದರು, ಈಗ ಏರಿಸುವಾಗ ಹೋಗುತ್ತಿದ್ದಾರೆ. ಆದ್ದರಿಂದ ಶಾಶ್ವತ ಕಡಿತಕ್ಕೆ ವರ್ಷಗಟ್ಟಲೆ ಕಾಯಬೇಡಿ. ಮುಂದಿನ ಹಬ್ಬದ ಆಫರ್‌ವರೆಗೆ ಕಾಯಿರಿ, ಸಾಕು.

4. ಮೂರು ವರ್ಷದ ಲೆಕ್ಕ ಹಾಕಿ

ತುಮಕೂರಿನ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ಜೆರಾಕ್ಸ್ ಅಂಗಡಿ ಇಟ್ಟವರನ್ನು ಕೇಳಿ: ಪ್ರಿಂಟರ್ ಅಗ್ಗ, ಇಂಕ್ ದುಬಾರಿ. ಇಲ್ಲೂ ಅದೇ ವ್ಯಾಪಾರ. ಎಕ್ಸ್‌ಬಾಕ್ಸ್ ಯಂತ್ರ ಮಾರಿ ಮೈಕ್ರೋಸಾಫ್ಟ್ ಎಂದೂ ಲಾಭ ಮಾಡಿಲ್ಲ ಅಂತ ಅದರ ಅಧಿಕಾರಿಯೇ 2021ರಲ್ಲಿ ಅಮೆರಿಕದ ಕೋರ್ಟಿನಲ್ಲಿ ಹೇಳಿದ್ದಾರೆ. ಲಾಭ ಬರುವುದು ಗೇಮ್‌ನಿಂದ, ಆನ್‌ಲೈನ್‌ನಲ್ಲಿ ಆಡಲು ಕಟ್ಟುವ ತಿಂಗಳ ಚಂದಾದಿಂದ.

ಪಿಎಸ್5ನ ದೊಡ್ಡ ಗೇಮ್ ಒಂದಕ್ಕೆ 4,999 ರೂಪಾಯಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ನಾಲ್ಕರಂತೆ ಮೂರು ವರ್ಷಕ್ಕೆ 59,988 ಆಯಿತು. ಕನ್ಸೋಲ್‌ನ ಆ 54,990ಕ್ಕಿಂತ ಜಾಸ್ತಿ! ಐದು ಸಾವಿರದ ಕಡಿತ ಒಂದು ಗೇಮ್‌ನ ದುಡ್ಡು, ಅಷ್ಟೇ. ಚಂದಾ ಬೆಲೆಯೂ ನಿಂತ ಕಡೆ ನಿಲ್ಲುವುದಿಲ್ಲ. ಎಕ್ಸ್‌ಬಾಕ್ಸ್‌ನ ಗೇಮ್ ಪಾಸ್ ಅಲ್ಟಿಮೇಟ್ 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ತಿಂಗಳಿಗೆ 19.99 ಡಾಲರ್‌ನಿಂದ 29.99ಕ್ಕೆ ಹಾರಿತು.

5. ಡಿಸ್ಕ್ ಹಾಕುವ ಮಾಡೆಲ್ಲನ್ನೇ ತೆಗೆದುಕೊಳ್ಳಿ

ಈ ವಿಷಯದಲ್ಲಿ ನನ್ನದು ಹಟ. ಪಿಎಸ್5 ಬಂದಾಗ ಡಿಸ್ಕ್ ಹಾಕಲಾಗದ, ಬರೀ ಡೌನ್‌ಲೋಡ್‌ನ ಡಿಜಿಟಲ್ ಮಾಡೆಲ್ ಹತ್ತು ಸಾವಿರ ಕಮ್ಮಿ ಇತ್ತು, ಆ ಹತ್ತು ಸಾವಿರ ನೋಡಿಯೇ ಜನ ಅದಕ್ಕೆ ಬಿದ್ದರು. ಡಿಸ್ಕ್ ಆದರೆ ಆಡಿ ಮುಗಿಸಿ ಮಾರಬಹುದು, ಗೆಳೆಯರ ಜೊತೆ ಬದಲಾಯಿಸಿಕೊಳ್ಳಬಹುದು, ಬೆಂಗಳೂರಿಗೆ ಹೋದಾಗ ಸೆಕೆಂಡ್ ಹ್ಯಾಂಡ್ ತರಬಹುದು. ನಾಲ್ಕು ಡಿಸ್ಕ್‌ಗಳನ್ನು ಅರ್ಧ ಬೆಲೆಗೆ ಮಾರಿದರೂ ಆ ಹತ್ತು ಸಾವಿರ ವಾಪಸ್ ಬಂತು. ಡೌನ್‌ಲೋಡ್ ಮಾಡಿದ ಗೇಮನ್ನು ಯಾರಿಗೂ ಮಾರಲು ಆಗುವುದಿಲ್ಲ, ಅದರ ರೇಟನ್ನು ಕಂಪನಿಯ ಸ್ಟೋರ್ ಒಂದೇ ನಿರ್ಧರಿಸುತ್ತದೆ. ಹಳೇ ಡಿಸ್ಕ್ ಮಾರಾಟಕ್ಕೆ ಅಡ್ಡಗಾಲು ಹಾಕುವ ನಿಯಮವನ್ನು 2013ರಲ್ಲಿ ಮೈಕ್ರೋಸಾಫ್ಟ್ ತರಲು ಹೊರಟು, ಜನ ಸಿಟ್ಟಾದ ಮೇಲೆ ಕೈಬಿಟ್ಟಿತು. ಡಿಸ್ಕ್ ಗಿರಾಕಿಯ ಕೈಗೆ ಎಷ್ಟು ಬಲ ಕೊಡುತ್ತದೆ ಅಂತ ಕಂಪನಿಗಳಿಗೆ ಚೆನ್ನಾಗಿ ಗೊತ್ತು.

ಪಾವಗಡ, ಶಿರಾ ಕಡೆಯ ಹಳ್ಳಿಗಳಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರು ಇನ್ನೊಂದು ಲೆಕ್ಕ ನೋಡಿ. ಗೇಮ್ 100 ಜಿಬಿ, ದಿನದ ಡೇಟಾ 2 ಜಿಬಿ. ಡೌನ್‌ಲೋಡ್‌ಗೆ 50 ದಿನ ಬೇಕು! ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅಗ್ಗ ಇರಬಹುದು, ಡಿಸ್ಕ್ ಹಾಕುವ ಜಾಗವೇ ಅದರಲ್ಲಿಲ್ಲ. ಅದರ 512 ಜಿಬಿ ಮಾಡೆಲ್‌ನಲ್ಲಿ ಗೇಮ್ ತುಂಬಿಡಲು ನಿಮಗೆ ಸಿಗುವುದು ಸುಮಾರು 364 ಜಿಬಿ. ಒಳ್ಳೆ ಫೈಬರ್ ಇಂಟರ್ನೆಟ್ ಇದ್ದರೆ ಮಾತ್ರ ಅದರ ಯೋಚನೆ ಮಾಡಿ.

ಅಡ್ಡದಾರಿಗಳ ಬಗ್ಗೆ: ಟೆಲಿಗ್ರಾಂನಲ್ಲಿ ಬೇರೆಯವರ ಅಕೌಂಟಿನ ಗೇಮನ್ನು ಐನೂರಕ್ಕೋ ಸಾವಿರಕ್ಕೋ ‘ಶೇರ್’ ಮಾಡುವವರಿದ್ದಾರೆ. ಆ ಅಕೌಂಟ್ ಬ್ಯಾನ್ ಆದ ದಿನ ನಿಮ್ಮ ದುಡ್ಡು ಹೋಯಿತು, ದೂರು ಕೊಡಲು ಬಿಲ್ಲೂ ಇರುವುದಿಲ್ಲ. ಕ್ರ್ಯಾಕ್ ಮಾಡಿದ, ಅಂದರೆ ಕಳ್ಳ ಗೇಮ್ ಓಡಿಸಲು ಒಳಗಿನ ಬೀಗ ಮುರಿದ ಕನ್ಸೋಲ್ ಬೇಡವೇ ಬೇಡ. ಎರಡು ಸಾವಿರದ ನಕಲಿ ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡುವ ಸಾಧನ) ಕೂಡ ಅಷ್ಟೇ, ಸ್ವಲ್ಪ ದಿನಕ್ಕೇ ಅದರ ಸ್ಟಿಕ್ ತಾನೇ ಒಂದು ಕಡೆ ವಾಲತೊಡಗುತ್ತದೆ.

6. ಅಂಗಡಿಯಲ್ಲಿ

ಡಬ್ಬದ ಮೇಲೆ ರೂಪಾಯಿಯಲ್ಲಿ ಎಂಆರ್‌ಪಿ ಮತ್ತು ಆಮದು ಮಾಡಿದ ಕಂಪನಿಯ ವಿಳಾಸದ ಚೀಟಿ ಇದೆಯಾ ನೋಡಿ. ಇಲ್ಲದಿದ್ದರೆ ಇಲ್ಲಿನ ವಾರಂಟಿ ಸಿಗುವುದಿಲ್ಲ. ನಿಂಟೆಂಡೊ ಸ್ವಿಚ್ ಕೇಳಿದರೆ ಸಿಗುವುದೆಲ್ಲ ಹೊರಗಿಂದ ತಂದದ್ದೇ, ಕೆಟ್ಟರೆ ಅಂಗಡಿಯವರ ಬಾಯಿಮಾತೇ ಗತಿ ಅನ್ನುವುದು ನೆನಪಿರಲಿ.

‘ನೋ ಕಾಸ್ಟ್ ಇಎಂಐ’ ಅಂದರೆ ಖರ್ಚೇ ಇಲ್ಲ ಅಂತಲ್ಲ. ಪ್ರೊಸೆಸಿಂಗ್ ಚಾರ್ಜು, ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮ ತಲೆಗೇ ಬರುತ್ತದೆ. ಪೂರ್ತಿ ದುಡ್ಡು ಕೊಟ್ಟರೆ ಎಷ್ಟು ಬಿಡುತ್ತೀರಿ ಅಂತ ಮೊದಲು ಕೇಳಿ, ಆಮೇಲೆ ಕಂತಿನ ಮಾತು.

7. ಮನೆಗೆ ತಂದ ದಿನ

ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡಿರಬೇಕು, ಅದು ಡಬ್ಬದ ಮೇಲಿನ ನಂಬರ್, ಯಂತ್ರದ ಮೇಲಿನ ನಂಬರ್ ಎರಡಕ್ಕೂ ತಾಳೆಯಾಗಬೇಕು. ಡಬ್ಬ ಬಿಚ್ಚುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿ. ಅವತ್ತೇ ಎರಡು ಗಂಟೆ ಆಡಿ, ಕಂಟ್ರೋಲರ್‌ನ ಎಲ್ಲ ಗುಂಡಿ ಒತ್ತಿ ನೋಡಿ. ಬದಲಿಸಿ ಕೊಡುವ ಗಡುವು ಕೆಲವು ಕಡೆ ಒಂದೇ ವಾರ ಇರುತ್ತದೆ. ಕರೆಂಟ್ ಪದೇ ಪದೇ ಹೋಗುವ ಏರಿಯಾ ಆದರೆ ಅರೆನಿದ್ದೆಯ ರೆಸ್ಟ್ ಮೋಡ್‌ನಲ್ಲಿ ಬಿಟ್ಟು ಮಲಗಬೇಡಿ, ಪೂರ್ತಿ ಆಫ್ ಮಾಡಿ. ರೂಟರ್‌ಗೆ ಹಾಕುವ ಸಣ್ಣ ಯುಪಿಎಸ್ ಇದಕ್ಕೆ ಸಾಲದು, ಆಡುವಾಗ ಪಿಎಸ್5 ಸುಮಾರು 200 ವ್ಯಾಟ್ ಎಳೆಯುತ್ತದೆ. ಕರೆಂಟ್ ಏಕಾಏಕಿ ಏರಿದರೆ ತಡೆಯುವ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಒಂದನ್ನು ಅವತ್ತೇ ತಂದು ಹಾಕಿಬಿಡಿ.