ಪಂಚಾಂಗದ ಪಕ್ಕದ ಅರ್ಧ ಹಾಳೆ: ಅಪರೂಪದ ದಿನಗಳನ್ನು ಮನೆಯಲ್ಲಿ ಆಚರಿಸುವ ಬಗೆ

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಅಡುಗೆಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ತೂಗುವ ಮೊಳೆಗೇ ಅರ್ಧ ಹಾಳೆಯೊಂದನ್ನು ಸಿಕ್ಕಿಸಿದ್ದೇವೆ. ಅದರಲ್ಲಿ ಏಳು ತಾರೀಖುಗಳಿವೆ. ಯುಗಾದಿ, ಗೌರಿ, ದಸರೆಗಳನ್ನು ಪಂಚಾಂಗವೇ ನೋಡಿಕೊಳ್ಳುತ್ತದೆ. ಈ ಹಾಳೆ ಇರುವುದು ಗುಬ್ಬಚ್ಚಿ ದಿನ, ಎಡಗೈಯವರ ದಿನ, ಅಂಚೆ ಕಾರ್ಡಿನ ದಿನ ಎಂಬಂಥ, ಹೆಸರು ಕೇಳಿದರೆ ಮನೆಗೆ ಬಂದ ನೆಂಟರು ನಗುವಂಥ ದಿನಗಳಿಗಾಗಿ. ಕೆಲವು ವರ್ಷ ಇವನ್ನು ಆಚರಿಸಿ, ಸರಿಹೋಗದವನ್ನು ಕೈಬಿಟ್ಟು, ಉಳಿದವನ್ನು ನಮ್ಮ ಊರಿಗೆ ಹೊಂದಿಸಿಕೊಂಡ ಮೇಲೆ ನಮಗೆ ಗೊತ್ತಾದ ಕ್ರಮವನ್ನು, ಆಸಕ್ತಿಯುಳ್ಳವರಿಗೆ ಅನುಕೂಲವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಆಯ್ಕೆ. ಅಂತರ್ಜಾಲದಲ್ಲಿ ಹುಡುಕಿದರೆ ವರ್ಷದ ಪ್ರತಿಯೊಂದು ದಿನಕ್ಕೂ ನಾಲ್ಕೈದು ಆಚರಣೆಗಳು ಸಿಗುತ್ತವೆ. ಅವೆಲ್ಲವೂ ಒಂದೇ ತೂಕದವಲ್ಲ. ಕೆಲವಕ್ಕೆ ವಿಶ್ವಸಂಸ್ಥೆಯ ನಿರ್ಣಯವಿದೆ: ಜೂನ್ 3ರ ಸೈಕಲ್ ದಿನವನ್ನು ಅದು 2018ರಲ್ಲಿ ಘೋಷಿಸಿತು. ಕೆಲವು ಬರೀ ತಮಾಷೆಯಿಂದ ಹುಟ್ಟಿದವು: ಸೆಪ್ಟೆಂಬರ್ 19ರಂದು ಕಡಲುಗಳ್ಳರ ಧಾಟಿಯಲ್ಲಿ ಮಾತನಾಡಬೇಕೆಂಬ ದಿನ 1995ರಲ್ಲಿ ಅಮೆರಿಕದ ಇಬ್ಬರು ಗೆಳೆಯರ ತಲೆಯಲ್ಲಿ ಹೊಳೆದದ್ದು, 2002ರಲ್ಲಿ ಪತ್ರಿಕೆಯ ಅಂಕಣವೊಂದರಲ್ಲಿ ಬಂದ ಮೇಲೆ ಲೋಕಕ್ಕೆಲ್ಲ ತಿಳಿಯಿತು. ಇನ್ನು ಕೆಲವು ದಿನಗಳ ಹಿಂದೆ ಏನನ್ನೋ ಮಾರಬೇಕೆಂಬ ಆತುರವಷ್ಟೇ ಇರುತ್ತದೆ. ತಮಾಷೆಯ ದಿನವೆಂದು ತಳ್ಳಿಹಾಕಬೇಕಾಗಿಲ್ಲ. ಆದರೆ ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕಾದ ಮೈಸೂರಿನವರಿಗೆ ಕಡಲುಗಳ್ಳರ ದಿನದಿಂದ ಏನೂ ಹುಟ್ಟುವುದಿಲ್ಲ. ನಮ್ಮ ಮಕ್ಕಳು ಒಂದು ಸಂಜೆ ಕೂಗಾಡಿ ಸುಮ್ಮನಾದರು. ಆ ಅನುಭವದಿಂದ ನಾವು ಎರಡು ಪರೀಕ್ಷೆಗಳನ್ನು ಇಟ್ಟುಕೊಂಡಿದ್ದೇವೆ. ಆ ದಿನಕ್ಕೆ ಸಂಬಂಧಿಸಿದ್ದು ನಮ್ಮ ಊರಿನಲ್ಲೋ ಮನೆಯಲ್ಲೋ ಕಣ್ಣಿಗೆ ಕಾಣುವಂತೆ ಇರಬೇಕು, ಮತ್ತು ಅಂದು ಕೈಯಾರೆ ಮಾಡುವ ಕೆಲಸವೊಂದಿರಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಆ ದಿನ ವಾಟ್ಸಾಪಿನಲ್ಲಿ ಹೂವಿನ ಚಿತ್ರ ಕಳುಹಿಸುವುದರಲ್ಲೇ ಮುಗಿಯುತ್ತದೆ.

ಹೊರಗಿನಿಂದ ಬಂದ ದಿನವನ್ನು ನಮ್ಮದಕ್ಕೆ ಹೊಂದಿಸುವುದು ಹೇಗೆಂಬುದಕ್ಕೆ ಪೈ (ವೃತ್ತದ ಸುತ್ತಳತೆಯನ್ನು ಅದರ ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆ, ಸುಮಾರು 3.14) ದಿನ ಒಳ್ಳೆಯ ನಿದರ್ಶನ. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನ ಸಂಗ್ರಹಾಲಯವೊಂದರಲ್ಲಿ ಭೌತವಿಜ್ಞಾನಿ ಲ್ಯಾರಿ ಷಾ ಇದನ್ನು ಆರಂಭಿಸಿದರು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವುದರಿಂದ ಮಾರ್ಚ್ 14 ಅವರ ಕಣ್ಣಿಗೆ 3.14 ಆಗಿ ಕಾಣುತ್ತದೆ. ದಿನವನ್ನು ಮೊದಲು ಬರೆಯುವ ನಮಗೆ ಅದು 14-3. ಅಲ್ಲಿ ಪೈ ಕಾಣುವುದೇ ಇಲ್ಲ. ನಮ್ಮ ಬರವಣಿಗೆಗೆ ಒಪ್ಪುವುದು ಜುಲೈ 22, ಅಂದರೆ 22/7. ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ ಭಿನ್ನರಾಶಿ. ಅಂದು ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡುತ್ತೇವೆ. ತಿನ್ನುವ ಮೊದಲು ಮಕ್ಕಳು ಊಟದ ತಟ್ಟೆಯ ಸುತ್ತ ದಾರ ಸುತ್ತಿ, ಆ ದಾರವನ್ನು ಅಳತೆಪಟ್ಟಿಯ ಮೇಲೆ ಬಿಡಿಸಿಟ್ಟು, ಬಂದ ಉದ್ದವನ್ನು ತಟ್ಟೆಯ ಅಗಲದಿಂದ ಭಾಗಿಸಬೇಕು. 28 ಸೆಂಟಿಮೀಟರ್ ಅಗಲದ ತಟ್ಟೆಗೆ ದಾರ 88 ಸೆಂಟಿಮೀಟರಿನ ಹತ್ತಿರ ಬರುತ್ತದೆ. ಬಳೆ, ಕಾವಲಿ, ಡಬ್ಬಿಯ ಮುಚ್ಚಳ, ಯಾವುದನ್ನು ಅಳೆದರೂ ಉತ್ತರ ಮೂರಕ್ಕಿಂತ ಸ್ವಲ್ಪ ಹೆಚ್ಚೇ ಬರುವುದನ್ನು ಕಂಡಾಗ ಮಕ್ಕಳ ಮುಖದಲ್ಲಿ ಮೂಡುವ ಅನುಮಾನ ನೋಡುವಂಥದ್ದು. ಒಬ್ಬಟ್ಟನ್ನೇ ಅಳೆಯುವ ಪ್ರಯತ್ನ ಬೇಡ. ಅದು ದುಂಡಗಿರುವುದು ಲಟ್ಟಿಸಿದವರ ಅಭಿಪ್ರಾಯದಲ್ಲಿ ಮಾತ್ರ.

ಆಗಸ್ಟ್ 13ರ ಎಡಗೈಯವರ ದಿನಕ್ಕೆ ಖರ್ಚೇ ಇಲ್ಲ. 1976ರಲ್ಲಿ ಆರಂಭವಾದ ಈ ದಿನದ ಉದ್ದೇಶ ಬಲಗೈಯವರ ಲೋಕದಲ್ಲಿ ಎಡಚರು ಪಡುವ ಪಾಡನ್ನು ಉಳಿದವರಿಗೆ ತೋರಿಸುವುದು. ಅಂದು ಮನೆಯ ಬಲಗೈಯವರೆಲ್ಲ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಕಾಗದ ಕತ್ತರಿಸಿ ನೋಡಬೇಕು. ಸಾಮಾನ್ಯ ಕತ್ತರಿಯ ಅಲಗುಗಳು ಒಂದರ ಮೇಲೊಂದು ಸರಿಯುವ ಬಗೆ ಬಲಗೈಗೆ ಹೊಂದುವಂಥದ್ದಾದ್ದರಿಂದ, ಎಡಗೈಯಲ್ಲಿ ಹಿಡಿದಾಗ ಅಲಗುಗಳು ಬೇರ್ಪಟ್ಟು ಕಾಗದ ಮಡಿಚಿಕೊಳ್ಳುತ್ತದೆ, ಕತ್ತರಿಸಬೇಕಾದ ಗೆರೆಯೂ ಮರೆಯಾಗುತ್ತದೆ. ಬಲಗಡೆ ಮಾತ್ರ ಬರೆಯುವ ಹಲಗೆಯಿರುವ ಕಾಲೇಜಿನ ಕುರ್ಚಿ, ಒಂದೇ ಪಕ್ಕಕ್ಕೆ ಮೂತಿಯಿರುವ ಪಾತ್ರೆ ಇವೂ ಹಾಗೆಯೇ. ಊಟದ ವಿಷಯದಲ್ಲಿ ಮಾತ್ರ ಹಿರಿಯರ ಮನಸ್ಸು ನೋಯಿಸಬೇಡಿ. ಎಡಗೈಯಲ್ಲಿ ಉಣ್ಣುವುದಕ್ಕೆ ನಮ್ಮ ಅತ್ತೆಯವರು ಒಪ್ಪಲಿಲ್ಲ. ಆದರೆ ಮೊಮ್ಮಗಳು ಎಡಚಿ ಎಂಬ ಕಾರಣಕ್ಕೆ ಅಂದು ಬೆಳಿಗ್ಗೆ ಅವರೇ ಎಡಗೈಯಲ್ಲಿ ರಂಗೋಲಿ ಹಾಕಿದರು. ಎಳೆಗಳು ಸೊಟ್ಟಗಾಗಿದ್ದವು. ಅದುವರೆಗೆ ಆ ಹುಡುಗಿಯ ಕೈಬರಹವನ್ನು ಕುರಿತು ದಿನವೂ ಒಂದು ಮಾತಾಡುತ್ತಿದ್ದವರು ಆಮೇಲೆ ಅದನ್ನು ಬಿಟ್ಟರು.

ಫೆಬ್ರವರಿಯಲ್ಲಿ ಮೂರು ದಿನಗಳು ಬಂದು ಕೂತಿವೆ. 2ರಂದು ಜೌಗುನೆಲಗಳ ದಿನ. 1971ರಲ್ಲಿ ಇರಾನಿನ ರಾಮ್ಸಾರ್‌ನಲ್ಲಿ ಆದ ಒಪ್ಪಂದದ ನೆನಪು. ಆ ಒಪ್ಪಂದದ ಪಟ್ಟಿಗೆ ನಮ್ಮ ರಂಗನತಿಟ್ಟು 2022ರಲ್ಲಿ ಸೇರಿತು. ಅಲ್ಲಿಗೆ ಹೋದವರು ಎಷ್ಟೋ ಜನ; ಆದ್ದರಿಂದ ಆ ದಿನಕ್ಕೆ, ಅಥವಾ ಅದರ ಹತ್ತಿರದ ಭಾನುವಾರಕ್ಕೆ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನು ಇಟ್ಟುಕೊಳ್ಳಿ. ಬೇಲಿಯಾಗಲಿ ದೋಣಿಯಾಗಲಿ ಇಲ್ಲದ ಆ ಊರಿನ ನಡುವೆಯೇ, ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಆ ತಿಂಗಳುಗಳಲ್ಲಿ ಗೂಡು ಕಟ್ಟಿರುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಅವನ್ನು ಕಾಣುತ್ತಾರೆ. ಅದು ಜನರ ವಾಸದ ಊರು. ಜೋರಾಗಿ ಮಾತಾಡುವುದು, ಗೂಡಿನ ಕೆಳಗೆ ಗುಂಪುಗೂಡುವುದು ಬೇಡ. ಪ್ರಯಾಣ ಆಗದವರು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸುತ್ತು ಹಾಕಿ, ಕಂಡ ಹಕ್ಕಿಗಳನ್ನು ಎಣಿಸಿ ಬರೆದಿಟ್ಟರೂ ಸಾಕು. ಮುಂದಿನ ವರ್ಷದ ಎಣಿಕೆಯೊಂದಿಗೆ ಹೋಲಿಸಿ ನೋಡಬಹುದು.

ಫೆಬ್ರವರಿ 13 ರೇಡಿಯೊ ದಿನ. ಮೈಸೂರಿನವರಿಗೆ ಇದಕ್ಕಿಂತ ಹತ್ತಿರದ ದಿನ ಮತ್ತೊಂದಿಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ, 30 ವ್ಯಾಟ್‌ನ ಪುಟ್ಟ ಪ್ರೇಷಕದಿಂದ, ಬಾನುಲಿ ಪ್ರಸಾರ ಆರಂಭಿಸಿದರು. ಮುಂದೆ ಇಡೀ ದೇಶದ ಬಾನುಲಿಗೆ ಸಂದ ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಆ ಮನೆಯ ಕೇಂದ್ರಕ್ಕೆ. ಮನೆಯ ಒಂದು ಬಲ್ಬು ನುಂಗುವಷ್ಟು ಶಕ್ತಿಯಲ್ಲಿ ನಡೆದ ಪ್ರಸಾರವೆಂದು ಮಕ್ಕಳಿಗೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಆಚರಣೆ ಸುಲಭ: ಸಂಜೆ ಒಂದು ಗಂಟೆ ಟಿವಿ ಮತ್ತು ಮೊಬೈಲುಗಳನ್ನು ಬದಿಗಿಟ್ಟು, ಅಟ್ಟದ ಮೇಲಿನ ರೇಡಿಯೊ ಇಳಿಸಿ, ಬಂದದ್ದನ್ನು ಕೇಳಬೇಕು. ಹಿಂದಿನ ದಿನವೇ ಸೆಲ್ ಹಾಕಿ ನೋಡಿಕೊಳ್ಳಿ. ಮೊದಲ ವರ್ಷ ನಮ್ಮ ರೇಡಿಯೊದಲ್ಲಿ ಸೋರಿದ ಹಳೆಯ ಸೆಲ್ಲುಗಳನ್ನು ಕೆರೆದು ತೆಗೆಯುವುದರಲ್ಲೇ ಆ ಗಂಟೆ ಕಳೆಯಿತು.

ಫೆಬ್ರವರಿ 21ರ ತಾಯ್ನುಡಿಯ ದಿನಕ್ಕೆ ಮಾತ್ರ ‘ಶುಭಾಶಯಗಳು’ ಎಂದು ಬರೆಯುವ ಮುನ್ನ ಸ್ವಲ್ಪ ಯೋಚಿಸಬೇಕು. 1952ರ ಆ ದಿನ ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಬೀದಿಗಿಳಿದ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. ಯುನೆಸ್ಕೋ ಆ ದಿನವನ್ನು ಆರಿಸಿಕೊಂಡದ್ದು 1999ರಲ್ಲಿ. ಸಿಹಿ ಹಂಚುವುದಕ್ಕಿಂತ ಮನೆಯ ಹಿರಿಯರ ಬಳಿ ಕುಳಿತು ಅವರ ಬಾಯಿಂದ ಹತ್ತು ಮಾತುಗಳನ್ನು ಬರೆದುಕೊಳ್ಳುವುದು ಅಂದಿಗೆ ತಕ್ಕ ಕೆಲಸ. ನಮ್ಮ ಮಂಡ್ಯದ ನೆಂಟರಿಂದ ಒಸಿ (ಸ್ವಲ್ಪ), ಬಿರ್ನೆ (ಬೇಗ), ಹೈದ (ಹುಡುಗ) ಎಂಬಂಥ ಪದಗಳನ್ನು, ಅವನ್ನು ಆಡುವ ವಾಕ್ಯದ ಸಮೇತ, ನೋಟುಪುಸ್ತಕಕ್ಕೆ ಇಳಿಸಿದ್ದೇವೆ.

ಮಾರ್ಚ್ 20ರ ಗುಬ್ಬಚ್ಚಿ ದಿನ ನಮ್ಮ ದೇಶದಲ್ಲೇ ಆರಂಭವಾದದ್ದು; 2010ರಿಂದ ನಡೆಯುತ್ತಿದೆ. ಗೂಡಿನ ಪೆಟ್ಟಿಗೆ ಇಡುವವರು ಬಾಗಿಲಿನ ರಂಧ್ರವನ್ನು ಸುಮಾರು 32 ಮಿಲಿಮೀಟರ್ ಅಗಲಕ್ಕೆ ಕೊರೆಯಿಸಿ, ಬಿಸಿಲು ನೇರವಾಗಿ ಬೀಳದ ಗೋಡೆಗೆ, ಬೆಕ್ಕು ಹಾರದಷ್ಟು ಎತ್ತರದಲ್ಲಿ ತೂಗುಹಾಕಬೇಕು. ನಾವು ಮೊದಲು ಕೆಂಪು ಬಣ್ಣ ಬಳಿದು ಪಶ್ಚಿಮದ ಬಿಸಿಲಿಗೆ ಇಟ್ಟಿದ್ದೆವು. ಒಂದು ಹಕ್ಕಿಯೂ ಬರಲಿಲ್ಲ. ಕಾಳು ಚೆಲ್ಲುವುದಕ್ಕಿಂತಲೂ ಮುಖ್ಯವಾದದ್ದು ಕುಂಡದ ಗಿಡಗಳಿಗೆ ಕೀಟನಾಶಕ ಹೊಡೆಯದಿರುವುದು, ಏಕೆಂದರೆ ಮರಿಗಳು ಬೆಳೆಯುವುದು ಹುಳುಗಳನ್ನು ತಿಂದು.

ಅಕ್ಟೋಬರ್ 1ರ ಅಂಚೆ ಕಾರ್ಡಿನ ದಿನ ದಸರೆಯ ಆಸುಪಾಸಿನಲ್ಲಿ ಬರುತ್ತದೆ. ಪ್ರಪಂಚದ ಮೊದಲ ಕಾರ್ಡು 1869ರಲ್ಲಿ ಆಸ್ಟ್ರಿಯಾ-ಹಂಗೇರಿಯಲ್ಲಿ ಹೊರಟಿತು, ನಮ್ಮ ದೇಶಕ್ಕೆ 1879ರಲ್ಲಿ ಬಂದಿತು. ಹಬ್ಬ ಇನ್ನೂ ಮುಂದಿರುವ ವರ್ಷಗಳಲ್ಲಿ ಬೊಂಬೆ ನೋಡಲು ಬರುವಂತೆ ಕಾರ್ಡಿನಲ್ಲಿ ಕರೆಯುತ್ತೇವೆ. ಹಬ್ಬ ಮುಗಿದಿದ್ದರೆ ಬಾರದವರಿಗೆ ಬೊಂಬೆಗಳ ವರ್ಣನೆ ಬರೆಯುತ್ತೇವೆ. ಕಾರ್ಡುಗಳನ್ನು ಒಂದು ತಿಂಗಳು ಮೊದಲೇ ತಂದಿಟ್ಟುಕೊಳ್ಳುವುದು ಕ್ಷೇಮ. ಕೊನೆಯ ಗಳಿಗೆಯಲ್ಲಿ ಹೋದಾಗ ಅಂಚೆ ಕಚೇರಿಯೊಂದರಲ್ಲಿ ಸ್ಟಾಕ್ ಇಲ್ಲವೆಂದು ಹೇಳಿ ಕಳುಹಿಸಿದ್ದುಂಟು.

ಇಷ್ಟು ಹೇಳಿದ ಮೇಲೆ ಒಂದು ತಕರಾರನ್ನು ನಾನೇ ಎತ್ತಬೇಕು. ಅಪರೂಪದ ದಿನಗಳಿಗೆ ವಿದೇಶದ ಪಟ್ಟಿಯನ್ನೇ ನೋಡಬೇಕೆಂದೇನೂ ಇಲ್ಲ. ನಗರದ ಮನೆಗಳು ಮರೆತ ದಿನಗಳು ಪಂಚಾಂಗದೊಳಗೇ ಇವೆ. ಯುಗಾದಿಯಂದು ಮೈಸೂರು, ಮಂಡ್ಯ ಕಡೆಯ ಹಳ್ಳಿಗಳಲ್ಲಿ ಎತ್ತುಗಳನ್ನು ಸಿಂಗರಿಸಿ ಹೊನ್ನಾರು ಕಟ್ಟಿ ವರ್ಷದ ಮೊದಲ ಸಾಲು ಹೂಡುತ್ತಾರೆ. ಹೊಲವಿಲ್ಲದ ನಾವು ಅಂದು ಬೆಳಿಗ್ಗೆ ತಾರಸಿಯ ಕುಂಡಗಳ ಮಣ್ಣನ್ನು ಕೆದಕಿ ಕೊತ್ತಂಬರಿ ಬಿತ್ತುತ್ತೇವೆ. ಅಲ್ಲಿಂದ ಮುಂದೆ ಮಳೆ ನಕ್ಷತ್ರಗಳು: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಸುಮಾರು ಹದಿನಾಲ್ಕು ದಿನಕ್ಕೊಂದರಂತೆ ಬದಲಾಗುವ ಇವುಗಳ ಆರಂಭದ ದಿನ ಪಂಚಾಂಗದಲ್ಲಿರುತ್ತದೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ನಿಜವೋ ಸುಳ್ಳೋ ನೋಡಲು, ನೇರ ಅಂಚಿನ ಡಬ್ಬಿಯೊಂದನ್ನು ತಾರಸಿಯ ಬಯಲಿನಲ್ಲಿಟ್ಟು, ಮಳೆ ನಿಂತ ಮೇಲೆ ನೀರಿನ ಎತ್ತರವನ್ನು ಅಳೆದು ಹಾಳೆಯ ಹಿಂಬದಿಯಲ್ಲಿ ಬರೆಯಬೇಕು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಬಿದ್ದರೆ ಸಾವಿರ ಲೀಟರ್; ಈ ಲೆಕ್ಕ ನೋಡಿದ ಮೇಲೆಯೇ ನಮ್ಮ ಮನೆಯಲ್ಲಿ ಮಳೆನೀರಿನ ಕೊಳವೆಗೆ ತೊಟ್ಟಿ ಬಂದದ್ದು.

ಹಾಳೆಯಲ್ಲಿ ಏಳಕ್ಕಿಂತ ಹೆಚ್ಚು ತಾರೀಖುಗಳು ಬೇಡ. ಒಂದೊಂದು ದಿನದ ಹೊಣೆ ಒಬ್ಬೊಬ್ಬರಿಗೆ ಇರಲಿ, ಅಡುಗೆಯ ಹೊರೆ ಮಾತ್ರ ಒಬ್ಬರ ಮೇಲೆಯೇ ಬೀಳದಿರಲಿ. ಯುಗಾದಿಗೆ ಹೊಸ ಪಂಚಾಂಗ ತಂದಾಗ ಹಾಳೆಯನ್ನೂ ಹೊಸದಾಗಿ ಬರೆಯಿರಿ. ಹೊಸ ದಿನವೊಂದು ಸೇರಬೇಕಾದರೆ ಹಳೆಯದೊಂದು ಹೋಗಬೇಕು. ಹಾಗೆ ನಮ್ಮ ಹಾಳೆಯಿಂದ ಹೋದದ್ದು ಸೈಕಲ್ ದಿನ. ಮೊದಲ ಬಾರಿ ನಗರದ ಸಾರ್ವಜನಿಕ ಸೈಕಲ್ ಯೋಜನೆಯಾದ ‘ಟ್ರಿಣ್ ಟ್ರಿಣ್’ನ ಸೈಕಲ್ಲುಗಳನ್ನು ಬಾಡಿಗೆಗೆ ಪಡೆದು ಊರು ಸುತ್ತಿದ್ದೆವು, ಮರುವರ್ಷ ಮಗ ತನ್ನದೇ ಸೈಕಲ್ ಕೇಳಿದ. ಈಗ ಅವನು ದಿನವೂ ತರಕಾರಿ ತರಲು ಅದರಲ್ಲೇ ಹೋಗುತ್ತಿರುವುದರಿಂದ ಜೂನ್ 3ನ್ನು ಹೊಡೆದುಹಾಕಿ, ಆ ಜಾಗದಲ್ಲಿ ಆಗಸ್ಟ್ 13 ಎಂದು ಬರೆದವಳು ಅವನ ತಂಗಿ, ಎಡಗೈಯಲ್ಲಿ.