ಮಳೆನಾಡಿನಿಂದ ಉಪ್ಪಿನ ಬಯಲಿಗೆ: ಬಾನೆವಿಲ್ ಸ್ಪೀಡ್ ವೀಕ್‌ಗೆ ನಾನು ಸಿದ್ಧನಾದ ಬಗೆ

ಅಮೆರಿಕದ ಯೂಟಾ ರಾಜ್ಯದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ನಡೆಯುವ, ಕಾರು–ಬೈಕುಗಳು ವೇಗದ ದಾಖಲೆಗಾಗಿ ಓಡುವ ಸ್ಪೀಡ್ ವೀಕ್ ನೋಡಲು ನಾನು ಮೊದಲು ಟಿಕೆಟ್ ಕಾದಿರಿಸಿದ್ದು 2022ರಲ್ಲಿ. ಹೊರಡುವ ದಿನ ಹತ್ತಿರವಾದಾಗ, ಬಯಲಿನ ಮೇಲೆ ಮಳೆನೀರು ನಿಂತಿರುವುದರಿಂದ ಆ ವರ್ಷದ ಓಟಗಳು ರದ್ದಾಗಿವೆ ಎಂದು ಸಾಲ್ಟ್ ಲೇಕ್ ಸಿಟಿಯಲ್ಲಿರುವ ಸೋದರಳಿಯ ಫೋನ್ ಮಾಡಿ ತಿಳಿಸಿದ. ಕೊಡಗಿನ ಮೂರ್ನಾಡಿನ ನಮ್ಮ ಕಾಫಿ ತೋಟದಲ್ಲಿ ಆಗ ನಾನು ಮಳೆಮಾಪಕದ ನೀರನ್ನು ಅಳೆದು, ಹಿಂದಿನ ದಿನದ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆಯುತ್ತಿದ್ದೆ. ಮರುಭೂಮಿಯ ಓಟವೊಂದು ಮಳೆಯಿಂದ ನಿಲ್ಲಬಹುದೆಂಬ ಯೋಚನೆಯೇ ನನಗೆ ಅದುವರೆಗೆ ಬಂದಿರಲಿಲ್ಲ. ಮುಂದಿನ ಎರಡು ವರ್ಷ ನಾನು ಮಾಡಿಕೊಂಡ ಸಿದ್ಧತೆಯೆಲ್ಲ ಆ ಫೋನ್ ಕರೆಯಿಂದಲೇ ಆರಂಭವಾಯಿತು. ಓಡುವ ವಾಹನಗಳ ಬಗ್ಗೆ ಓದುವುದನ್ನು ಬದಿಗಿಟ್ಟು, ಅವು ಓಡುವ ನೆಲದ ಬಗ್ಗೆ ಓದತೊಡಗಿದೆ.

ಬಾನೆವಿಲ್ ಪ್ರಾಚೀನ ಕಾಲದ ಮಹಾಸರೋವರವೊಂದು ಬತ್ತಿ ಉಳಿದ ತಳ. ಚಳಿಗಾಲದಲ್ಲಿ ಅದರ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ, ಹಳೆಯ ಉಪ್ಪು ಆ ನೀರಿನಲ್ಲಿ ಕರಗುತ್ತದೆ, ಗಾಳಿ ಅದನ್ನು ಅತ್ತಿತ್ತ ಸರಿಸಿ ಹರಡುತ್ತದೆ, ಬೇಸಿಗೆಯ ಬಿಸಿಲಿಗೆ ನೀರು ಆವಿಯಾದಾಗ ಮೇಜಿನಂತೆ ಸಮತಟ್ಟಾದ ಗಟ್ಟಿ ಹೊದಿಕೆ ಉಳಿಯುತ್ತದೆ. ಚಳಿಗಾಲದ ನೀರು ಇಲ್ಲದಿದ್ದರೆ ಓಡಲು ನೆಲವೇ ಇಲ್ಲ; ಆದರೆ ಅದೇ ನೀರು ಜುಲೈ ಕೊನೆಯಲ್ಲಿ ಬಿದ್ದರೆ ಆ ವರ್ಷದ ಓಟವೇ ಇಲ್ಲ. ಕಾಫಿ ಬೆಳೆಯುವವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಫೆಬ್ರವರಿ–ಮಾರ್ಚ್‌ನಲ್ಲಿ ಹದವಾಗಿ ಬಿದ್ದು ರೊಬಸ್ಟಾದ ಹೂ ಅರಳಿಸುವ ಮಳೆಯೇ, ಕಣದಲ್ಲಿ ಹಣ್ಣು ಹರಡಿರುವ ಜನವರಿಯಲ್ಲಿ ಬಂದರೆ ಒಂದು ವರ್ಷದ ದುಡಿಮೆಯನ್ನು ಕೆಡಿಸುತ್ತದೆ. ಹೊದಿಕೆ ತೆಳುವಾಗಿದ್ದರೆ ಚಕ್ರಗಳು ಅದನ್ನು ಒಡೆದುಕೊಂಡು ಅಡಿಯ ಕೆಸರಿಗೆ ಇಳಿಯುತ್ತವೆ. 2014 ಮತ್ತು 2015ರಲ್ಲಿ ಸತತವಾಗಿ ಎರಡು ಬಾರಿ ಸ್ಪೀಡ್ ವೀಕ್ ರದ್ದಾದದ್ದು ಈ ನೆಲದ ಸ್ಥಿತಿಯಿಂದಲೇ. ಅಲ್ಲಿ ಬಹುಕಾಲದಿಂದ ಗೊಬ್ಬರಕ್ಕೆ ಬಳಸುವ ಪೊಟ್ಯಾಷ್ ಲವಣ ತೆಗೆಯಲಾಗುತ್ತಿದ್ದು, ಉಪ್ಪಿನ ಪದರ ಹಿಂದಿಗಿಂತ ತೆಳುವಾಗಿರುವುದು ಓಟಗಾರರ ಬಹುದಿನದ ಕಳವಳ. ಉಪ್ಪುನೀರನ್ನು ಮರಳಿ ಬಯಲಿಗೆ ಹರಿಸುವ ಪ್ರಯತ್ನವೂ ನಡೆದಿದೆ.

ಇದನ್ನೆಲ್ಲ ತಿಳಿದ ಮೇಲೆ ನನ್ನ ಯೋಜನೆಯ ಸ್ವರೂಪವೇ ಬದಲಾಯಿತು. 2024ರ ಆಗಸ್ಟ್ ಮೊದಲ ವಾರದ ಸ್ಪೀಡ್ ವೀಕ್‌ಗೆ ಹೋಗುವುದೆಂದು ನಿರ್ಧರಿಸಿದಾಗ, ಸ್ವಲ್ಪ ಹೆಚ್ಚು ಹಣ ತೆತ್ತು ದಿನಾಂಕ ಬದಲಿಸಬಹುದಾದ ವಿಮಾನದ ಟಿಕೆಟ್ಟನ್ನೇ ಕೊಂಡೆ. ಓಟ ರದ್ದಾದರೂ ಪ್ರವಾಸ ವ್ಯರ್ಥವಾಗದಂತೆ ಸೋದರಳಿಯನ ಮನೆಯಲ್ಲಿ ಹತ್ತು ದಿನ ಉಳಿಯುವ ಏರ್ಪಾಡು ಮಾಡಿಕೊಂಡೆ. ಬಯಲಿಗೆ ಹತ್ತಿರದ ವೆಂಡೋವರ್ ಸಣ್ಣ ಊರು. ಆ ವಾರ ಅಲ್ಲಿನ ಕೋಣೆಗಳು ಬೇಗ ತುಂಬುವುದರಿಂದ ಜನವರಿಯಲ್ಲೇ ಕೋಣೆ ಹಿಡಿಯಬೇಕಾಯಿತು. ಉಪ್ಪಿನ ಮೇಲೆ ಡೇರೆ ಹಾಕಿ ಮಲಗಬಹುದೆಂದು ನಾನು ಮೊದಲು ತಿಳಿದಿದ್ದೆ. ಅದಕ್ಕೆ ಅನುಮತಿ ಇಲ್ಲ.

ದೇಹದ ಸಿದ್ಧತೆಗೆ ನಾನು ಹೆಚ್ಚು ಸಮಯ ಕೊಟ್ಟೆ, ಹಾಗೆ ಕೊಟ್ಟದ್ದು ಸರಿಯಾಗಿತ್ತು. ಜುಲೈ ಕೊನೆಯ ಕೊಡಗಿನಿಂದ ಹೊರಡುವವನು ವಾರಗಟ್ಟಲೆ ಬಿಸಿಲನ್ನೇ ಕಂಡಿರುವುದಿಲ್ಲ. ಆ ವರ್ಷವಂತೂ ಜುಲೈ ಇಡೀ ಕೊಡೆ ಮಡಚಲು ಬಿಡಲಿಲ್ಲ. ಒಗೆದ ಬಟ್ಟೆಯನ್ನು ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸುವ ಮನೆಯಿಂದ, ಒದ್ದೆ ಟವೆಲು ನೋಡನೋಡುತ್ತಲೇ ಒಣಗುವ ಜಾಗಕ್ಕೆ ಎರಡೇ ದಿನದಲ್ಲಿ ಹೋಗಿ ಇಳಿಯಬೇಕು. ಅಲ್ಲಿ ಬೆವರು ಕಾಣಿಸುವುದೇ ಇಲ್ಲ. ಚರ್ಮದ ಮೇಲೆ ಬಂದ ಕೂಡಲೇ ಆರಿಹೋಗುವುದರಿಂದ, ನೀರು ಕಳೆದುಕೊಳ್ಳುತ್ತಿರುವುದು ತಲೆನೋವು ಬರುವವರೆಗೂ ತಿಳಿಯುವುದಿಲ್ಲ. ನಾನು ಓಟಕ್ಕೆ ಮೂರು ದಿನ ಮುಂಚೆಯೇ ಸಾಲ್ಟ್ ಲೇಕ್ ಸಿಟಿ ತಲುಪಿ, ಮೊದಲ ದಿನ ಅರ್ಧ ಗಂಟೆ, ಎರಡನೆಯ ದಿನ ಒಂದು ಗಂಟೆ, ಮೂರನೆಯ ದಿನ ಎರಡು ಗಂಟೆ ಹೀಗೆ ಮಧ್ಯಾಹ್ನದ ಬಿಸಿಲಿನಲ್ಲಿ ನಡೆದೆ. ಊರಿನಿಂದಲೇ ಓಆರ್‌ಎಸ್ ಪೊಟ್ಟಣಗಳನ್ನು ಕೊಂಡೊಯ್ದಿದ್ದೆ. ಬಯಲಿಗೆ ಹೋದ ಪ್ರತಿದಿನ ತಲಾ ಐದು ಲೀಟರ್ ನೀರು ಒಯ್ದೆವು, ಸಂಜೆಗೆ ಏನೂ ಉಳಿಯುತ್ತಿರಲಿಲ್ಲ.

ಬಿಸಿಲಿನ ವಿಷಯದಲ್ಲಿ ನಮ್ಮ ಕಾಫಿ ಕಣವೇ ನನಗೆ ಪಾಠ ಹೇಳಿತ್ತು. ಸಿಮೆಂಟಿನ ಕಣದಲ್ಲಿ ದಿನವಿಡೀ ಕಾಫಿ ಕೈಯಾಡಿಸುವವರಿಗೆ ಕೆಳಗಿನಿಂದ ಹೊಡೆಯುವ ಬೆಳಕು ಮೇಲಿನ ಬಿಸಿಲಿಗಿಂತ ಹೆಚ್ಚು ದಣಿವು ತರುತ್ತದೆ. ಉಪ್ಪಿನ ಬಯಲು ಅದಕ್ಕಿಂತ ಬಹಳ ಬೆಳ್ಳಗಿನದು, ಮತ್ತು ಕಣ್ಣು ಹಾಯುವವರೆಗೆ ಒಂದು ಮರವೂ ಇಲ್ಲ. ಟೋಪಿ ಹಾಕಿದ ಮಾತ್ರಕ್ಕೆ ಅಲ್ಲಿ ರಕ್ಷಣೆ ಸಿಗದು. ಗಲ್ಲದ ಅಡಿ, ಕಿವಿಯ ಹಿಂಭಾಗ, ಮೂಗಿನ ಹೊಳ್ಳೆಗಳ ಒಳ ಅಂಚು ಹೀಗೆ ನಾವು ಎಂದೂ ಎಣಿಸದ ಜಾಗಗಳು ಸುಡುತ್ತವೆ. ಈ ಎಲ್ಲ ಕಡೆಗೂ ದಿನಕ್ಕೆ ನಾಲ್ಕು ಬಾರಿ ಸನ್‌ಸ್ಕ್ರೀನ್ ಹಚ್ಚಿಕೊಂಡೆ. ತೆಳು ಹತ್ತಿಯ ತುಂಬುತೋಳಿನ ಅಂಗಿ, ಪೂರ್ಣ ಪ್ಯಾಂಟು, ಪಕ್ಕಗಳನ್ನೂ ಮುಚ್ಚುವ ಕಪ್ಪು ಕನ್ನಡಕ, ಕುತ್ತಿಗೆಗೆ ಒದ್ದೆ ವಸ್ತ್ರ ಇವಿಷ್ಟಿದ್ದುದರಿಂದ ನಾನು ಕ್ಷೇಮವಾಗಿದ್ದೆ. ಅರ್ಧ ಚಡ್ಡಿ ಹಾಕಿಕೊಂಡು ಬಂದ ಸೋದರಳಿಯನ ತೊಡೆಗಳು, ಕೆಳಗಿನಿಂದ ಚಡ್ಡಿಯೊಳಕ್ಕೆ ಪ್ರತಿಫಲಿಸಿದ ಬೆಳಕಿನಿಂದ ಮೊದಲ ದಿನವೇ ಕೆಂಪಾದವು.

ವಾಹನದ ಬಗ್ಗೆ ಬಹಳ ಜನ ಯೋಚಿಸುವುದಿಲ್ಲ, ಆದರೆ ನಲವತ್ತು ವರ್ಷ ಹಳೆಯ ಜೀಪನ್ನು ಕೈಯಾರೆ ರಿಪೇರಿ ಮಾಡಿಕೊಂಡು ಬಂದಿರುವ ನನಗೆ ಇದು ಮುಖ್ಯವೆನಿಸಿತು. ಬಾಡಿಗೆ ಕಾರಿನ ಕರಾರಿನಲ್ಲಿ ಡಾಂಬರು ರಸ್ತೆ ಬಿಟ್ಟು ಇಳಿಯಬಾರದೆಂಬ ಷರತ್ತು ಇದ್ದುದರಿಂದ, ಸೋದರಳಿಯನ ಹಳೆಯ ಪಿಕಪ್ಪನ್ನೇ ಒಯ್ದೆವು. ಹೊರಡುವ ಹಿಂದಿನ ದಿನ ಅಡಿಭಾಗಕ್ಕೂ ವೈರಿಂಗ್ ಕನೆಕ್ಟರ್‌ಗಳಿಗೂ ತುಕ್ಕು ತಡೆಯುವ ಎಣ್ಣೆಯನ್ನು ಸಿಂಪಡಿಸಿದೆ. ತೇವದ ಉಪ್ಪು ಚಕ್ರದ ಗೂಡುಗಳಲ್ಲಿ ಅಂಟಿ, ಒಣಗಿದಾಗ ಗಾರೆಯಂತೆ ಗಟ್ಟಿಯಾಗುತ್ತದೆ; ತೋಟದ ಕೆಂಪು ಕೆಸರು ನೀರು ಬಿಟ್ಟರೆ ಬಿಡುತ್ತದೆ, ಇದು ಹಾಗಲ್ಲ. ಪ್ರತಿ ಸಂಜೆ ವೆಂಡೋವರ್‌ನಲ್ಲಿ ಅಡಿಯಿಂದ ನೀರು ಹಾಯಿಸಿ ತೊಳೆದೆವು, ಕೊನೆಯ ದಿನ ಎರಡು ಬಾರಿ ತೊಳೆದೆವು.

ಇನ್ನು, ಕಣ್ಣೆದುರು ನಡೆಯುವುದು ಏನೆಂದು ತಿಳಿಯಲು ಬೇಕಾದ ಓದು. ಇದು ಇಬ್ಬರು ಪಕ್ಕಪಕ್ಕದಲ್ಲಿ ಓಡುವ ಸ್ಪರ್ಧೆಯಲ್ಲ. ಒಂದೊಂದೇ ವಾಹನ ಗಡಿಯಾರದ ವಿರುದ್ಧ ಓಡುತ್ತದೆ. 1937ರಲ್ಲಿ ಸ್ಥಾಪನೆಯಾದ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ 1949ರಿಂದ ಇಲ್ಲಿ ಸ್ಪೀಡ್ ವೀಕ್ ನಡೆಸುತ್ತಿದೆ. ವಾಹನದ ಮೈಮೇಲೆ ಬರೆದಿರುವ ಅಕ್ಷರಗಳಿಂದಲೇ ಅದರ ಎಂಜಿನ್ ಗಾತ್ರ, ಇಂಧನ, ದೇಹದ ಬಗೆ ಎಲ್ಲವೂ ತಿಳಿಯುತ್ತವೆ. ವರ್ಣಮಾಲೆಯಲ್ಲಿ ಮುಂದೆ ಹೋದಂತೆ ಎಂಜಿನ್ ಚಿಕ್ಕದಾಗುತ್ತದೆ. ತಮ್ಮ ವರ್ಗದ ದಾಖಲೆಯ ವೇಗ ಮೀರಿದವರು ವಾಹನವನ್ನು ಅಧಿಕಾರಿಗಳ ಆವರಣಕ್ಕೆ ಒಪ್ಪಿಸಿ, ಮರುದಿನ ಬೆಳಿಗ್ಗೆ ಮತ್ತೊಮ್ಮೆ ಓಡಬೇಕು. ಎರಡರ ಸರಾಸರಿ ಹಳೆಯ ದಾಖಲೆಯನ್ನು ಮೀರಿದರೆ ಮಾತ್ರ ಹೊಸ ದಾಖಲೆ. ಇದು ಗೊತ್ತಿದ್ದುದರಿಂದಲೇ ನಾವು ಬೆಳಗಿನ ತಂಪಿನ ಹೊತ್ತನ್ನು ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ.

ಬೆಳಗಿನ ತಂಪಿಗೆ ಎಂಜಿನ್ನಿನ ದೃಷ್ಟಿಯಿಂದಲೂ ಬೆಲೆಯಿದೆ. ಬಾನೆವಿಲ್ ಸಮುದ್ರಮಟ್ಟದಿಂದ ಸುಮಾರು 1,280 ಮೀಟರ್ ಎತ್ತರದಲ್ಲಿದೆ, ಅಂದರೆ ಮಡಿಕೇರಿಗಿಂತ ತುಸು ಮೇಲೆ. ಎತ್ತರದಲ್ಲಿ ಗಾಳಿ ತೆಳುವಾಗುವುದರಿಂದ, ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಕಾರ್ಬ್ಯುರೇಟರ್ (ಎಂಜಿನ್ನಿಗೆ ಗಾಳಿ–ಪೆಟ್ರೋಲು ಬೆರೆಸಿ ಕೊಡುವ ಭಾಗ) ಸಂಪಾಜೆ ಘಾಟಿ ಹತ್ತಿದ ಮೇಲೆ ಪೆಟ್ರೋಲು ಹೆಚ್ಚಾಗಿ ಕಪ್ಪು ಹೊಗೆ ಬಿಡುವುದನ್ನು ನಮ್ಮ ಮೆಕ್ಯಾನಿಕ್‌ಗಳೆಲ್ಲ ಬಲ್ಲರು. ಬಾನೆವಿಲ್‌ನ ಮಧ್ಯಾಹ್ನದ ಕಾವಿನಲ್ಲಿ ಗಾಳಿ ಇನ್ನೂ ತೆಳುವಾಗಿ, ಎಂಜಿನ್ನಿನ ಪಾಲಿಗೆ ಆ ಬಯಲು ನೂರಾರು ಮೀಟರ್ ಮೇಲೇರಿದಂತೆ ಆಗುತ್ತದೆ. ಗಾಳಿಯ ತಡೆಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾಗಬೇಕಾದರೆ ಶಕ್ತಿ ಎಂಟರಷ್ಟು ಬೇಕು. ಈ ಲೆಕ್ಕ ಮನಸ್ಸಿನಲ್ಲಿದ್ದರೆ, ಗಂಟೆಗೆ ಒಂದೆರಡು ಮೈಲು ಹೆಚ್ಚಿಸಲು ಒಬ್ಬನು ಚಳಿಗಾಲವಿಡೀ ದುಡಿದದ್ದು ಏಕೆಂದು ಅರ್ಥವಾಗುತ್ತದೆ. ಉಪ್ಪಿನ ಮೇಲೆ ಚಕ್ರಕ್ಕೆ ಹಿಡಿತ ಕಡಿಮೆಯಾದ್ದರಿಂದ, ಬೇರೆ ಓಟಗಳಲ್ಲಿ ತೂಕ ಇಳಿಸುವವರು ಇಲ್ಲಿ ಸೀಸ, ಉಕ್ಕು ತುಂಬಿ ತೂಕ ಏರಿಸುತ್ತಾರೆ ಎಂಬುದನ್ನೂ ನಾನು ಮೊದಲೇ ಓದಿಕೊಂಡಿದ್ದೆ.

ಇತಿಹಾಸವನ್ನೂ ಸ್ವಲ್ಪ ತಿಳಿದು ಹೋಗಬೇಕು. 1935ರಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ ಗಂಟೆಗೆ 300 ಮೈಲು ದಾಟಿದ್ದು, 1970ರಲ್ಲಿ ಗ್ಯಾರಿ ಗೇಬಲಿಚ್ ರಾಕೆಟ್ ವಾಹನದಲ್ಲಿ 1,000 ಕಿಲೋಮೀಟರ್ ದಾಟಿದ್ದು ಇದೇ ಬಯಲಿನಲ್ಲಿ. ಆದರೆ ನನಗೆ ಇವರಿಗಿಂತ ಹತ್ತಿರದವನಾಗಿ ಕಂಡವನು ನ್ಯೂಜಿಲೆಂಡಿನ ಬರ್ಟ್ ಮನ್ರೊ. ಅಮೆರಿಕದ ‘ಇಂಡಿಯನ್’ ಕಂಪನಿಯ 1920ರ ಬೈಕೊಂದನ್ನು ದಶಕಗಳ ಕಾಲ ತನ್ನ ಶೆಡ್ಡಿನಲ್ಲಿ ತಿದ್ದುತ್ತ, ಪಿಸ್ಟನ್‌ಗಳನ್ನು ತಾನೇ ಎರಕ ಹೊಯ್ಯುತ್ತ ಬಂದ ಆತ 1967ರಲ್ಲಿ, ತನ್ನ 68ನೇ ವಯಸ್ಸಿನಲ್ಲಿ, ಅದೇ ಬೈಕಿನಿಂದ ಇಲ್ಲಿ ಗಂಟೆಗೆ 180 ಮೈಲಿಗೂ ಹೆಚ್ಚಿನ ವೇಗದಲ್ಲಿ ತನ್ನ ವರ್ಗದ ದಾಖಲೆ ಮಾಡಿದ. ತೋಟದ ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿಯುವ ಪ್ರತಿಯೊಬ್ಬನಿಗೂ ಈ ಮನುಷ್ಯನ ಕತೆ ತಿಳಿದಿರಬೇಕೆಂದು ನಾನು ನಂಬುತ್ತೇನೆ.

ಮೊದಲ ಬೆಳಿಗ್ಗೆ ಸೂರ್ಯೋದಯಕ್ಕೆ ಮುಂಚೆ ಡಾಂಬರು ಮುಗಿಯುವ ತುದಿಯಲ್ಲಿ ಸರದಿ ನಿಂತೆವು. ಊರಿನಲ್ಲಿ ಅಂದು ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮನೆಯವರೆಲ್ಲ ಮದ್ದು ಸೊಪ್ಪಿನ ಪಾಯಸ ಉಣ್ಣುವ ದಿನ. ಪಿಕಪ್ಪಿನಿಂದ ಇಳಿದು ನಾನು ಮೊದಲು ಮಾಡಿದ ಕೆಲಸ ಕುಕ್ಕರಗಾಲಿನಲ್ಲಿ ಕುಳಿತು ಉಪ್ಪನ್ನು ಬೆರಳಿನಿಂದ ಒತ್ತಿ ನೋಡಿದ್ದು. ಮೇಲ್ಪದರ ಒಣಗಿತ್ತು, ಒಳಗೆ, ಮಳೆ ಬಿಟ್ಟ ಮರುದಿನದ ತೋಟದ ಮಣ್ಣಿನಂತೆ, ತಂಪು ಇತ್ತು.

ಪ್ರೇಕ್ಷಕರನ್ನು ಓಟದ ಹಾದಿಯಿಂದ ಬಹಳ ದೂರ ನಿಲ್ಲಿಸುತ್ತಾರೆ, ಹಾಗಾಗಿ ಬರಿಗಣ್ಣಿಗೆ ಕಾಣುವುದು ಬಿಸಿಲ್ಗುದುರೆಯ ಮೇಲೆ ತೇಲುವ ಒಂದು ಚುಕ್ಕೆ ಮಾತ್ರ, ಸದ್ದು ಆಮೇಲೆ ಬರುತ್ತದೆ. ದುರ್ಬೀನು ಮತ್ತು ಪ್ರಕಟಣೆ ಕೇಳಲು ರೇಡಿಯೊ ಇಲ್ಲದಿದ್ದರೆ ಏನೂ ತಿಳಿಯದು; ಆರಂಭದ ಗೆರೆಯ ಬಳಿ ಕಿವಿಗೆ ಬೆಣೆಯೂ ಬೇಕು. ದಿನದ ಹೆಚ್ಚಿನ ಪಾಲನ್ನು ನಾನು ವಾಹನಗಳನ್ನು ಸಿದ್ಧಪಡಿಸುವ ಪಿಟ್‌ಗಳಲ್ಲಿ ಕಳೆದೆ. ಅಲ್ಲಿ ಯಾರು ಬೇಕಾದರೂ ನಡೆದಾಡಬಹುದು. ಒಂದು ಲೇಕ್‌ಸ್ಟರ್‌ನ ಪಕ್ಕದಲ್ಲಿ ಒಂದು ಗಂಟೆ ನಿಂತಿದ್ದೆ; ಯುದ್ಧವಿಮಾನದ ಹೊರ ಇಂಧನ ಟ್ಯಾಂಕಿನೊಳಗೆ ಎಂಜಿನ್ ಕೂರಿಸುವ ಆ ಕ್ರಮವನ್ನು 1946ರಲ್ಲಿ ಬಿಲ್ ಬರ್ಕ್ ಮೊದಲು ಮಾಡಿ ತೋರಿಸಿದ. ಕೈ ಕೆಲಸದಲ್ಲಿದ್ದಾಗ ಮಾತನಾಡಿಸದೆ, ಅವರು ತಲೆ ಎತ್ತುವವರೆಗೆ ಕಾದರೆ, ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಕಾರ್ಬ್ಯುರೇಟರ್ ಜೆಟ್‌ನಿಂದ, ವಾಹನ ನಿಲ್ಲಿಸುವ ಪ್ಯಾರಾಶೂಟಿನ ಹಗ್ಗದವರೆಗೆ ಎಲ್ಲವನ್ನೂ ವಿವರಿಸುತ್ತಾರೆ. ಸಂಪಾಜೆ ಘಾಟಿಯ ಕಾರ್ಬ್ಯುರೇಟರ್ ವಿಷಯ ನಾನು ಹೇಳಿದಾಗ ಅಲ್ಲಿದ್ದ ಹಿರಿಯರೊಬ್ಬರು ತಮ್ಮ ಜೆಟ್‌ಗಳ ಡಬ್ಬಿಯನ್ನೇ ತೆರೆದು ನನ್ನ ಕೈಗಿತ್ತರು.

ಒಂದು ವಿಷಯದಲ್ಲಿ ಮಾತ್ರ ನನ್ನ ಸಿದ್ಧತೆ ಸಾಲಲಿಲ್ಲ. ಬೂಟುಗಳ ಅಡಿಯ ಉಪ್ಪನ್ನು ತೊಳೆಯದೆ, ಕಾಗದದಲ್ಲಿ ಸುತ್ತಿ ಹಾಗೆಯೇ ಊರಿಗೆ ತಂದು ಜಗಲಿಯಲ್ಲಿಟ್ಟೆ. ಆಗಸ್ಟ್‌ನ ಕೊಡಗಿನ ಗಾಳಿಯ ತೇವವನ್ನೆಲ್ಲ ಆ ಉಪ್ಪು ಎಳೆದುಕೊಂಡು, ವಾರದೊಳಗೆ ದಾರದ ಕಣ್ಣುಗಳು ತುಕ್ಕು ಹಿಡಿದವು, ಚರ್ಮ ಡಿಸೆಂಬರಿನವರೆಗೂ ಒಣಗಲಿಲ್ಲ. ಮುಂದಿನ ಸಲ ವೆಂಡೋವರ್‌ನಲ್ಲಿ ಪಿಕಪ್ ತೊಳೆಯುವಾಗಲೇ ಬೂಟುಗಳನ್ನೂ ಸಿಹಿನೀರಿನಲ್ಲಿ ಎರಡು ಬಾರಿ ತೊಳೆದು, ಅಲ್ಲಿನ ಬಿಸಿಲಿನಲ್ಲೇ ಒಣಗಿಸಿ ತರುತ್ತೇನೆ.