ಬೋಟಿನ ಅಡಿಯಲ್ಲಿ ದೀಪ: ಬೆಳಕಿಗಿಂತ ಮೊದಲು ನೋಡಬೇಕಾದ್ದು

ಕತ್ತಲಾದ ಮೇಲೆ ನೀರೊಳಗಿಂದ ನೀಲಿ ಬೆಳಕು ಚೆಲ್ಲುತ್ತಾ ನಿಂತ ಬೋಟ್ ನೋಡಲು ಚಂದವೇ. ಪ್ರವಾಸಿ ಬೋಟ್ ಇಟ್ಟುಕೊಂಡವರಿಗೆ ನಮ್ಮದಕ್ಕೂ ಇರಲಿ ಅನಿಸುವುದು ಸಹಜ. ಆದರೆ ಈ ದೀಪ ಹಾಕುವುದೆಂದರೆ ನೀರಿನ ಮಟ್ಟಕ್ಕಿಂತ ಕೆಳಗೆ ಬೋಟಿಗೆ ತೂತು ಕೊರೆಯುವುದು, ಉಪ್ಪುನೀರಿನ ಪಕ್ಕದಲ್ಲೇ ಕರೆಂಟು ಹರಿಸುವುದು. ಎಷ್ಟು ಪ್ರಖರ ಅನ್ನುವ ಪ್ರಶ್ನೆಯನ್ನು ಕೊನೆಗೆ ಕೇಳಿದರೆ ಸಾಕು.

ಮೀನು ಹಿಡಿಯಲು ದೀಪ ಬೇಕು ಅಂದರೆ ಇಲ್ಲೇ ನಿಲ್ಲಿಸಿ. ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ನಾಡದೋಣಿಯವರು ಲೈಟ್ ಫಿಶಿಂಗ್ ಅಂದರೆ ಸಿಡಿಯುವುದು ಸುಮ್ನೆ ಅಲ್ಲ. ಮರಿಮೀನು ಸಮೇತ ಬಾಚಿಕೊಂಡು ಹೋದರೆ ಅವರ ಬಲೆಗೆ ಉಳಿಯುವುದೇನು?

ಮೊದಲು ಪೆಟ್ಟಿಗೆಯ ಮೇಲಿನ ಐಪಿ ಸಂಖ್ಯೆ ಓದಿ, ದೂಳು-ನೀರು ಒಳಹೋಗದಂತೆ ದೀಪ ಎಷ್ಟು ತಡೆಯುತ್ತದೆ ಎಂದು ಹೇಳುವ ಗುರುತು ಅದು. ಐಪಿ67 ಅಂದರೆ 1 ಮೀಟರ್ ನೀರಲ್ಲಿ 30 ನಿಮಿಷ ತಡೆಯುತ್ತದೆ ಅಂತ ಅಷ್ಟೇ. ದಿನವಿಡೀ ಮುಳುಗಿರುವ ದೀಪಕ್ಕೆ ಐಪಿ68 ಬೇಕು. ಅದರಲ್ಲೂ ಎಷ್ಟು ಆಳ, ಎಷ್ಟು ಹೊತ್ತು ಎಂದು ನಿರ್ಧರಿಸುವವರು ತಯಾರಕರೇ. ಅದನ್ನು ಬರೆದಿಲ್ಲವೆಂದರೆ ಬಿಟ್ಟುಬಿಡಿ. ಐಪಿ69ಕೆ ಎಂಬುದು ಜೋರಾಗಿ ನೀರು ಹಾಯಿಸಿ ತೊಳೆಯುವುದನ್ನು ತಡೆಯುವ ಗುರುತು. ಸಂಖ್ಯೆ ದೊಡ್ಡದಿದೆ ಅಂತ ಮೋಸ ಹೋಗಬೇಡಿ.

ಆಮೇಲೆ ಬಕೆಟ್ ಪರೀಕ್ಷೆ. ಗೆಳೆಯನೊಬ್ಬ ಆನ್‌ಲೈನ್‌ನಲ್ಲಿ ಸೋವಿಗೆ ಎರಡು ದೀಪ ತರಿಸಿದ್ದ. ಐಪಿ68 ಅಂತ ದಪ್ಪಕ್ಷರದಲ್ಲಿ ಇತ್ತು. ನಾನು ಹಟ ಹಿಡಿದು ಬಕೆಟ್ ನೀರಿಗೆ ಎರಡು ಹಿಡಿ ಕಲ್ಲುಪ್ಪು ಹಾಕಿಸಿದೆ. ದೀಪ ಮುಳುಗಿಸಿ, ವೈರಿನ ತುದಿ ಹೊರಗಿಟ್ಟು, 12 ವೋಲ್ಟ್ ಬ್ಯಾಟರಿಯಲ್ಲಿ ಒಂದು ಗಂಟೆ ಉರಿಸಿ, ಆರಿಸಿ, ರಾತ್ರಿಯಿಡೀ ಅಲ್ಲೇ ಬಿಟ್ಟೆವು. ಬೆಳಿಗ್ಗೆ ಒಂದರ ಗಾಜಿನ ಒಳಗೆ ಮಂಜು, ಮೂಲೆಯಲ್ಲಿ ಉದ್ದಿನಕಾಳಿನಷ್ಟು ಒಂದು ಹನಿ. ಉರಿಯುವಾಗ ಒಳಗಿನ ಗಾಳಿ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಸೀಲಿನಲ್ಲಿ ಕೂದಲೆಳೆ ಬಿರುಕಿದ್ದರೂ ಆಗ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಸುಮ್ಮನೆ ನೀರಲ್ಲಿ ಅದ್ದಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಅಂದ ಹಾಗೆ, ಇಂಥ ದೀಪಗಳನ್ನು ತಣ್ಣಗಿಡುವುದು ನೀರೇ. ಅಂಗಡಿಯ ಮೇಜಿನ ಮೇಲೆ ಹತ್ತು ನಿಮಿಷ ಉರಿಸಿ ತೋರಿಸುತ್ತೇನೆ ಅಂದರೆ ಬೇಡ ಎನ್ನಿ. ಬಿಸಿ ಜಾಸ್ತಿಯಾದರೆ ತಾನೇ ಬೆಳಕು ತಗ್ಗಿಸುವ ವ್ಯವಸ್ಥೆ ಇದೆಯೇ ಅಂತಲೂ ಕೇಳಿ.

ಯಾವ ಲೋಹ? ಉಪ್ಪುನೀರಿಗೆ ಕಂಚಿನ ಕವಚ ಹಳೆಯ, ನಂಬಿಕಸ್ಥ ಆಯ್ಕೆ. 316 ದರ್ಜೆಯ ಸ್ಟೀಲ್ ಹೊಳೆಯುತ್ತದೆ, ಆದರೆ ಗಾಳಿಯಾಡದ ಸಂದಿಯಲ್ಲಿ ಅದೂ ಗುಳಿಬಿದ್ದು ಸವೆಯುತ್ತದೆ. ಅಲ್ಯೂಮಿನಿಯಂ ಬೋಟಿಗೆ ಕಂಚಿನ ದೀಪವನ್ನು ನೇರವಾಗಿ ಕೂರಿಸಲೇಬಾರದು. ಉಪ್ಪುನೀರಲ್ಲಿ ಎರಡು ಲೋಹ ಸೇರಿದರೆ ಅದೇ ಒಂದು ಬ್ಯಾಟರಿ. ತಿಂದುಹೋಗುವುದು ನಿಮ್ಮ ಬೋಟು.

ತೂತು ಎಷ್ಟು ದೊಡ್ಡದು? ದೀಪದ ಮೈಯೇ ಬೋಟಿನ ಗೋಡೆ ದಾಟಿ ಬರುವ ನಮೂನೆಗೆ ದೊಡ್ಡ ತೂತು ಬೇಕು. ಅದು ಸಡಿಲವಾದರೆ ನೀರು ನುಗ್ಗುತ್ತದೆ. ಹೊರಮೈಗೆ ಸ್ಕ್ರೂ ಹಾಕಿ ಕೂರಿಸುವ ದೀಪಕ್ಕೆ ವೈರ್ ದಾಟುವಷ್ಟು ತೂತು ಸಾಕು. ಸಣ್ಣ ಬೋಟಿಗೆ ನಾನು ಹೇಳುವುದು ಎರಡನೆಯದನ್ನೇ. ಅಂಟಿಗೆ ಬಚ್ಚಲುಮನೆಯ ಸಿಲಿಕೋನ್ ಬೇಡ, ನೀರಿನ ಮಟ್ಟದ ಕೆಳಗೂ ಬಳಸಬಹುದು ಎಂದು ಬರೆದ ಮೆರೈನ್ ಸೀಲೆಂಟ್ ತನ್ನಿ. ಫೈಬರ್ ಪದರಗಳ ನಡುವೆ ಮರ ಇದ್ದರೆ ತೂತಿನ ಅಂಚಿಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಬಳಿದು ಮುಚ್ಚಿ, ಇಲ್ಲವೆಂದರೆ ಒಳಗೊಳಗೇ ಕೊಳೆಯುತ್ತದೆ.

ವೈರಿಂಗ್. 12 ಅಥವಾ 24 ವೋಲ್ಟ್ ಡಿಸಿ ಮಾತ್ರ. 230 ವೋಲ್ಟ್ ಮನೆ ಕರೆಂಟಿನ ದೀಪವನ್ನು ಬೋಟಿನ ನೀರಿಗೆ ಇಳಿಸುವುದು ಈಜುವವರ ಜೀವಕ್ಕೇ ಕುತ್ತು. ಲೆಕ್ಕ ಸುಲಭ: 30 ವ್ಯಾಟಿನ ಎರಡು ದೀಪ, 12 ವೋಲ್ಟ್, ಅಂದರೆ 5 ಆಂಪಿಯರ್. ನಾಲ್ಕು ಗಂಟೆಗೆ 20 ಆಂಪಿಯರ್-ಅವರ್. 100 ಆಂಪಿಯರ್-ಅವರ್‌ನ ಲೆಡ್ ಬ್ಯಾಟರಿಯಲ್ಲಿ ಅರ್ಧದಷ್ಟೇ ಬಳಸುವುದು ಒಳ್ಳೆಯದು. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನಂತೂ ಇದಕ್ಕೆ ಮುಟ್ಟಬೇಡಿ. ಬ್ಯಾಟರಿಗೆ ಆದಷ್ಟು ಹತ್ತಿರ ಫ್ಯೂಸ್ ಇರಲಿ. ವೈರ್ ಕಲಾಯಿ ಹಾಕಿದ ತಾಮ್ರದ್ದಾಗಿರಲಿ. ಮನೆಗೆ ಹಾಕುವ ವೈರನ್ನು ಬೋಟಿನಲ್ಲಿ ಎಳೆದು, ಒಂದು ಮಳೆಗಾಲ ಕಳೆದ ಮೇಲೆ ಸಿಪ್ಪೆ ಸುಲಿದು ನೋಡಿ, ಎಳೆಗಳು ಕಪ್ಪಾಗಿರುತ್ತವೆ.

ಬಣ್ಣದ ವಿಷಯ ಬೇಗ ಮುಗಿಯುತ್ತದೆ. ತಿಳಿನೀರಿಗೆ ನೀಲಿ, ಹೊಳೆ ಸೇರುವ ಅಳಿವೆಯಂಥ ಕಲಕುನೀರಿಗೆ ಹಸಿರು. ಕೆಂಪು ಕೆಲವೇ ಮೀಟರ್‌ಗಳಲ್ಲಿ ಮಾಯ. ಬೆಳಕಿನ ಪ್ರಮಾಣ ಹೇಳುವ ಲ್ಯೂಮೆನ್ ಸಂಖ್ಯೆ ಕೇಳುವಾಗ ಅದು ಒಳಗಿನ ಎಲ್‌ಇಡಿ ಚಿಪ್‌ನ ಲೆಕ್ಕವೋ, ಗಾಜು ದಾಟಿ ಹೊರಬರುವ ಬೆಳಕಿನ ಲೆಕ್ಕವೋ ಅಂತ ಕೇಳಿ. ಮಾರುವವರು ತಡವರಿಸಿದರೆ ಮೊದಲನೆಯದೇ ಅಂದುಕೊಳ್ಳಿ. ಗಾಜಿನ ಮೇಲೆ ಪಾಚಿ, ಚಿಪ್ಪುಹುಳ ಕೂರದಂತೆ ಆಗಾಗ ಪ್ಲಾಸ್ಟಿಕ್ ತುಣುಕಿನಿಂದ ಕೆರೆದು ತೆಗೆಯಿರಿ, ಕಬ್ಬಿಣದ ಉಜ್ಜುಗ ಬೇಡ.

ಇನ್ನು ಸ್ವಿಚ್ಚು. ಅದನ್ನು ಚಾಲಕನ ಕೈಗೆ ಸಿಗುವಲ್ಲಿಡಿ. ಬೋಟಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ನೋಡಿಯೇ ಎದುರಿನವರು ನೀವು ಯಾವ ಕಡೆ ಹೋಗುತ್ತಿದ್ದೀರಿ ಎಂದು ತಿಳಿಯುವುದು. ಅದನ್ನು ಗೊಂದಲ ಮಾಡುವ ಬೇರೆ ಬೆಳಕು ಇರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಲಂಗರು ಎತ್ತುವ ಮುಂಚೆ ಅಡಿಯ ದೀಪ ಆರಿಸಿ.